ಟೈಪಿಸ್ಟಮ್ಮ ಬರೆದ ಸಂಘದ ಚರಿತ್ರೆ

ಖಾಸಗಿ ಶಾಲೆಗಳ ರಾಷ್ಟ್ರೀಯ ಸಂಘದಲ್ಲಿ ಮೂವತ್ತೊಂದು ವರ್ಷ ದುಡಿದ ಆಕೆಯನ್ನು ಎಲ್ಲರೂ ಟೈಪಿಸ್ಟಮ್ಮ ಎಂದೇ ಕರೆಯುತ್ತಿದ್ದರು. ರಾಷ್ಟ್ರೀಯ ಎಂದರೆ ಬೆಚ್ಚಬೇಡಿ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಅಷ್ಟೇ. ಮುಂದಿನದರಲ್ಲಿ ಅಧ್ಯಕ್ಷರ ತಿರುಗುವ ಕುರ್ಚಿ, ಹಿಂದಿನದರಲ್ಲಿ ಈಕೆ ಮತ್ತು ಸಭೆಗಳ ನಡಾವಳಿ ಪುಸ್ತಕಗಳು. ಸಂಘದ ಲಾಂಛನದಲ್ಲಿ ಸಿಂಹವಿರಬೇಕೋ ಹದ್ದಿರಬೇಕೋ ಎಂದು ಸದಸ್ಯ ಮಹನೀಯರು ಎರಡು ವರ್ಷ ಕಿತ್ತಾಡಿ, ಬೆಟ್ಟ ಅಗೆದು ಇಲಿ ಹಿಡಿದವರಂತೆ ಕೊನೆಗೆ ಒಂದು ಪೆನ್ನು ಇಟ್ಟುಕೊಂಡಿದ್ದರು.

ಸಂಘಕ್ಕೆ ಐವತ್ತು ತುಂಬುವಾಗ ಅಧ್ಯಕ್ಷರಿಗೆ ಚರಿತ್ರೆಯ ಹುಚ್ಚು ಹತ್ತಿತು.

"ನೀವೇ ಬರೀರಮ್ಮ. ನಡಾವಳಿ ಎಲ್ಲಾ ನಿಮ್ಮ ಹತ್ರಾನೇ ಇದೆಯಲ್ಲ."

"ಇದ್ದದ್ದು ಇದ್ದ ಹಾಗೇ ಬರೀಲಾ ಸಾರ್?"

"ಮತ್ತಿನ್ನೇನು? ನಾವೇನು ಕದ್ದಿದ್ದೀವಾ?"

ಆಕೆ ಆ ಮಾತನ್ನು ನಂಬಿದರು. ಮೊದಲ ಪುಸ್ತಕದಿಂದ ಓದುತ್ತ ಬಂದರು. ಸಂಘ ಕಟ್ಟಿದ್ದು ಗೋಡೆಯ ಮೇಲೆ 'ಸಂಸ್ಥಾಪಕರು' ಎಂದು ನೇತುಹಾಕಿದ್ದ ಫೋಟೋದಲ್ಲಿದ್ದ ಅಧ್ಯಕ್ಷರ ತಂದೆಯಲ್ಲ. ಎಂಬತ್ತು ಮಕ್ಕಳ ಪುಟ್ಟ ಶಾಲೆಯ ಒಬ್ಬ ಹೆಡ್ಮಿಸ್ಸು ನಲವತ್ತು ಶಾಲೆಗಳಿಗೆ ಕೈಯಾರೆ ಕಾಗದ ಬರೆದು ಎಲ್ಲರನ್ನೂ ಕೂಡಿಸಿದ್ದರು. ತಂದೆ ಬಂದದ್ದು ನಾಲ್ಕನೇ ವರ್ಷ. ಐದನೇ ವರ್ಷ, ಪುಟ್ಟ ಮಕ್ಕಳಿಗೆ ಪ್ರವೇಶ ಪರೀಕ್ಷೆ ಬೇಡ ಎಂದು ಹೆಡ್ಮಿಸ್ಸು ಸೂಚಿಸಿದರು. ಅದೇ ಸಭೆಯಲ್ಲಿ, ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆ ಸಂಘಕ್ಕೆ ಶೋಭೆಯಲ್ಲವೆಂದು ತಂದೆ ಠರಾವು ತಂದರು. "ಹೆಡ್ಮಿಸ್ಸನ್ನು ತೆಗೆದುಹಾಕಲಾಯಿತು" ಎಂದಿತ್ತು ನಡಾವಳಿ.

ಟೈಪಿಸ್ಟಮ್ಮ ಅದನ್ನೇ ಟೈಪ್ ಮಾಡಿ ಕೊಟ್ಟರು. ಓದಿದ ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದಂತಾಯಿತು.

"ನಮ್ಮಪ್ಪ ನಾಲ್ಕನೇ ವರ್ಷ ಬಂದ್ರಾ?"

"ಅವರದೇ ಸಹಿ ಇದೆ ಸಾರ್. ತೋರಿಸ್ಲಾ?"

"ಸಹಿ ಯಾರಿಗೆ ಬೇಕ್ರೀ! ಚರಿತ್ರೆ ಓದಿದ್ರೆ ಅಭಿಮಾನ ಉಕ್ಕಬೇಕು."

ಅಭಿಮಾನ ಉಕ್ಕಿಸಲು ಬೇರೆ ಪುಸ್ತಕ ಬಂತು. ಹೊಳೆಯುವ ಕಾಗದ, ಅರವತ್ತನಾಲ್ಕು ಫೋಟೋ, ನಲವತ್ತೊಂದರಲ್ಲಿ ಅಧ್ಯಕ್ಷರು. ಮಿಕ್ಕವುಗಳಲ್ಲಿ ಅವರಪ್ಪ, ಅವರ ಕಾರು. ಮಕ್ಕಳು ಒಂದೇ ಒಂದರಲ್ಲಿದ್ದರು, ಅದೂ ಬೆನ್ನು ತೋರಿಸಿಕೊಂಡು.

ನಿವೃತ್ತಿಯಾದ ವಾರವೇ ಟೈಪಿಸ್ಟಮ್ಮ ತಮ್ಮ ಕಾರ್ಬನ್ ಪ್ರತಿ ಹಿಡಿದು ಹೆಡ್ಮಿಸ್ಸನ್ನು ಹುಡುಕಿಕೊಂಡು ಹೋದರು. ತೊಂಬತ್ತರ ಆ ಮುದುಕಿ ತಂಗಿಯ ಮನೆಯಲ್ಲಿದ್ದರು. ಭೂತಗನ್ನಡಿ ಹಿಡಿದು ಹದಿನೇಳನೇ ಪುಟದವರೆಗೆ ಓದಿ ನಿಂತರು.

"ತೆಗೆದುಹಾಕಿದ್ರು ಅಂತ ಬರೆದಿದ್ದೀಯಲ್ಲಮ್ಮ, ತಪ್ಪು. ಅವರು ಠರಾವಿಗೆ ಕೈ ಎತ್ತೋಕೆ ಮುಂಚೇನೇ ನಾನು ಎದ್ದು ಬಂದೆ. ಆ ಹೆದರುಪುಕ್ಕಲರು ಬರೀ ನನ್ನ ಖಾಲಿ ಕುರ್ಚಿಯನ್ನ ಹೊರಗೆ ಹಾಕಿದ್ದು!"

ಟೈಪಿಸ್ಟಮ್ಮನಿಗೆ ನಗು ಬರಲಿಲ್ಲ. ಅಧ್ಯಕ್ಷರು ಬುರುಡೆ ಬಿಡುವುದು ಗೊತ್ತಿತ್ತು. ತಾನು ದೂಳು ಒರೆಸಿ ಕಾಪಾಡಿದ ನಡಾವಳಿಯೂ ಬುರುಡೆ ಬಿಟ್ಟಿತ್ತೆಂಬುದು ಚುರುಕ್ಕೆಂದಿತು. ಮನೆಗೆ ಬಂದು ಆ ಪುಟವನ್ನು ಹೊಸದಾಗಿ ಟೈಪ್ ಮಾಡಿದರು. ತಿದ್ದಿದ ಚರಿತ್ರೆಯ ಒಂದು ಪ್ರತಿ ಹೆಡ್ಮಿಸ್ಸಿಗೆ ಹೋಯಿತು, ಇನ್ನೊಂದು ಸಾರ್ವಜನಿಕ ಗ್ರಂಥಾಲಯಕ್ಕೆ.

ಸಂಘದ ಹೊಳೆಯುವ ಪುಸ್ತಕವನ್ನು ಆಗಲೇ ನೋಡಿದ್ದ ಗ್ರಂಥಪಾಲಕ ಪುಟ ತಿರುವಿ, "ಫೋಟೋ ಇಲ್ವಾ? ಸದ್ಯ!" ಎಂದು ಮೊಹರು ಒತ್ತಿದ.