ಹಣೆಪಟ್ಟಿ ಸಾರ್
ಕಚೇರಿಯ ಕಂಪ್ಯೂಟರುಗಳು ದಿನವಿಡೀ ತಮ್ಮಷ್ಟಕ್ಕೆ ಬರೆದಿಡುವ ಲಾಗನ್ನು, ಅಂದರೆ ದಿನಚರಿಯನ್ನು, ಸಿಎಸ್‌ವಿ ಎಂಬ ರೂಪದಿಂದ ಜೆಸನ್ ಎಂಬ ರೂಪಕ್ಕೆ ತಿರುಗಿಸುವುದು ಹಣೆಪಟ್ಟಿ ಸಾರ್ ಅವರ ಕೆಲಸ. ಸಿಎಸ್‌ವಿ ಕಂಡರೆ ಅವರಿಗೆ ಮೈಯೆಲ್ಲ ಉರಿ. ಯಾವಾಗ, ಯಾರು, ಏನಾಯಿತು ಎಲ್ಲವೂ ಬರೀ ಅಲ್ಪವಿರಾಮವನ್ನೇ ನೆಚ್ಚಿಕೊಂಡು ಒಂದೇ ಸಾಲಿನಲ್ಲಿ ನೂಕಾಡುತ್ತಿರುತ್ತವೆ. ಸಂದೇಶದೊಳಗೆ ಇನ್ನೊಂದು ಅಲ್ಪವಿರಾಮ ನುಸುಳಿತೋ, ಅದರ ಬಾಲ ಹೋಗಿ ಪಕ್ಕದವರ ಜಾಗದಲ್ಲಿ ಕೂತುಬಿಡುತ್ತದೆ. "ಹೆಸರಿಲ್ದೆ ಯಾರೂ ಒಳಗೆ ಬರೋ ಹಾಗಿಲ್ಲ!" ಎಂದು ಪರದೆಯನ್ನೇ ಗದರಿ, ಒಂದೊಂದು ಮಾಹಿತಿಗೂ ಹಣೆಪಟ್ಟಿ ಅಂಟಿಸಿ, ಜೆಸನ್‌ನ ಬಳುಕು ಕಂಸದೊಳಗೆ ಕೂರಿಸಿದ ಮೇಲೇ ಅವರಿಗೆ ಚಹಾ ಗಂಟಲಲ್ಲಿ ಇಳಿಯುವುದು. ಚಟ ಅಲ್ಲಿಗೇ ನಿಲ್ಲುವುದಿಲ್ಲ. ಮೇಲಧಿಕಾರಿ ಹೇಗಿದ್ದೀರಿ ಎಂದರೆ, "ಸ್ಥಿತಿ: ಪರವಾಗಿಲ್ಲ. ಕಾರಣ: ಶುಕ್ರವಾರ" ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ ಗುಡುಗಿದರೆ, "ಇದು ವಾರ್ನಿಂಗೋ, ಎರರೋ?" ಎಂದು ಕೇಳಿ, "ಲಾಸ್ಟ್ ವಾರ್ನಿಂಗ್ ಕಣ್ರೀ!" ಎಂದು ಉಗಿಸಿಕೊಳ್ಳುತ್ತಾರೆ. ಸಂಜೆ ತಾಯಿಯ ಕೋಣೆಯಲ್ಲಿ ಮಾತ್ರ ಅವರು ಯಾವ ಸಾಲನ್ನೂ ಗದರುವುದಿಲ್ಲ. ಮರೆವು ಹಿಡಿದ ಆ ತಾಯಿ, ಊಟದ ತಟ್ಟೆ ಮುಂದಿಟ್ಟುಕೊಂಡು, ತೀರಿಕೊಂಡ ತಂಗಿ, ಬೆಳಗಿನ ಮಾತ್ರೆ, ಮದುವೆಯ ಸೀರೆ ಎಲ್ಲವನ್ನೂ ಒಂದೇ ಉಸಿರಲ್ಲಿ ಸುರಿಯುತ್ತಾರೆ. ಇವರು ಮಂಚದ ಅಂಚಿನಲ್ಲಿ ಕೂತು, "ಅದು ಯಾವಾಗಿನ ಮಾತಮ್ಮ? ಯಾರು ಹೇಳಿದ್ದು?" ಎಂದು ಒಂದೊಂದನ್ನೇ ಬಿಡಿಸಿ, ಅದರದರ ಜಾಗದಲ್ಲಿ ಇಡುತ್ತಾರೆ. ಎಲ್ಲ ಮುಗಿದ ಮೇಲೆ ಆಕೆ ಇವರ ಮುಖವನ್ನೇ ನೋಡಿ, "ಯಾರಪ್ಪಾ ನೀವು?" ಎಂದು ಕೇಳುತ್ತಾರೆ, ದಿನಾ. "ಸಂಬಂಧ: ಮಗ" ಎನ್ನುತ್ತಾರೆ ಸಾರ್, ದಿನಾ. "ಸ್ಥಿತಿ: ಹಸಿವು." ಆಗ ಆಕೆ ತಟ್ಟೆಯನ್ನು ಇವರತ್ತ ತಳ್ಳಿ, "ಹಾಗಂತ ಮೊದ್ಲೇ ಹೇಳೋಕೇನಾಗಿತ್ತೋ ನಿಂಗೆ!" ಎಂದು ಗದರುತ್ತಾರೆ.