ಚಹಾ ಕುಡಿಯದ ಹಿರಿಯರು

ಹತ್ತೊಂಬತ್ತನೇ ವಯಸ್ಸಿಗೇ ನಾನು ಹಿರಿಯನಾಗಿದ್ದೆ. ಬುದ್ಧಿಯಿಂದಲ್ಲ, ಹುದ್ದೆಯಿಂದ. ಬೆಂಗಳೂರಿನಲ್ಲಿ ನಮ್ಮ ಮನೆಯವರು ಸೇರಿಕೊಂಡಿದ್ದ, ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಸಭೆಯಲ್ಲಿ, ಧರ್ಮಪ್ರಚಾರಕ್ಕೆ ಹೊರಟ ಹುಡುಗರನ್ನೆಲ್ಲ ‘ಎಲ್ಡರ್’ ಎಂದು ಕರೆಯುವ ಪದ್ಧತಿ. ಮೀಸೆ ಇನ್ನೂ ಮನಸ್ಸು ಮಾಡಿರದ ನನ್ನ ಅಂಗಿಯ ಮೇಲೆ, ಕಪ್ಪು ಪಟ್ಟಿಯಲ್ಲಿ ಬಿಳಿ ಅಕ್ಷರಗಳಲ್ಲಿ ಹಾಗೆಂದು ಬರೆದಿತ್ತು. ರಾಯಚೂರಿನಲ್ಲಿ ನಮಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕ ಅದರ ಅರ್ಥ ಕೇಳಿ ತಿಳಿದುಕೊಂಡು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ನೀವು ಹಿರ್ಯಾರಾದ್ರ ನಾ ಏನ್ರಿ ಮತ್ತ?” ಎಂದ.

ಇದು ಎಂಬತ್ತರ ದಶಕದ ಕೊನೆಯ ಮಾತು. ಎರಡು ವರ್ಷ ಮನೆಗೆ ಹೋಗುವಂತಿಲ್ಲ, ಸಿನಿಮಾ ನೋಡುವಂತಿಲ್ಲ, ಜೊತೆಗಾರನನ್ನು ಬಿಟ್ಟು ಒಬ್ಬನೇ ಬೀದಿಗೆ ಇಳಿಯುವಂತಿಲ್ಲ. ನನ್ನ ಜೊತೆಗಾರ ಪ್ರಭಾಕರ ರಾಜಮಂಡ್ರಿಯ ಹುಡುಗ, ಕನ್ನಡವನ್ನು ಅಂಗಡಿ ಬೋರ್ಡುಗಳಿಂದ ಕಲಿಯುತ್ತಿದ್ದ. ಗಂಡಹೆಂಡಿರೂ ನಮ್ಮಷ್ಟು ಅಂಟಿಕೊಂಡು ಬದುಕುವುದಿಲ್ಲ. ಅವರಿಗಾದರೂ ಜಗಳವಾಡಿ ತವರಿಗೆ ಹೋಗುವ ಅನುಕೂಲವಿದೆ.

ಬೆಳಿಗ್ಗೆ ಪ್ರಾರ್ಥನೆ, ಓದು, ಬಟ್ಟೆ ಒಗೆತ. ಆಮೇಲೆ ಬಿಳಿ ಅಂಗಿ, ಟೈ, ಸೈಕಲ್ಲು. ದೂರದ ಊರಾದರೆ ಬಸ್ಸು. ದೇವದುರ್ಗ, ಜಾಲಹಳ್ಳಿ, ಮಾನ್ವಿ ಎಂದು ಕಿಟಕಿಯ ಕಂಬಿಗೆ ತಲೆ ಬಡಿಸಿಕೊಳ್ಳುತ್ತ ತಿರುಗುತ್ತಿದ್ದೆವು. ದೇವದುರ್ಗದ ಬಟ್ಟೆ ವ್ಯಾಪಾರಿಯೊಬ್ಬರು ನನ್ನ ಟೈ ಮುಟ್ಟಿ ನೋಡಿ, “ಈ ಬಿಸಲಾಗ ಕೊಳ್ಳಾಗ ಇದೇನು ಕಟ್ಟಿಗೊಂಡೀರಿ, ಹರಕಿ ಏನರ ಹೊತ್ತೀರೇನು?” ಎಂದು ಮರುಗಿದರು. ಅವರ ಊಹೆ ತೀರಾ ತಪ್ಪೇನೂ ಆಗಿರಲಿಲ್ಲ.

ದಣಿವು ಎಂದರೆ ಕಾಲಿನದು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಕಾಲಿನ ದಣಿವು ಚಾಪೆಯ ಮೇಲೆ ಬಿದ್ದರೆ ಹೋಗುತ್ತದೆ. ಬಾಯಿಯ ದಣಿವು ಹೋಗುವುದಿಲ್ಲ. ದಿನವಿಡೀ ಮನೆಮನೆಯಲ್ಲಿ ಅದೇ ಮಾತು ಹೇಳಿ ಹೇಳಿ, ಸಂಜೆಯ ಹೊತ್ತಿಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಜನ ಬೈದು ಅಟ್ಟಿದ್ದರೆ ಹುತಾತ್ಮರಾದ ಸಮಾಧಾನವಾದರೂ ಸಿಗುತ್ತಿತ್ತೇನೋ. ಅವರು ಬೈಯುತ್ತಲೇ ಇರಲಿಲ್ಲ. ಕೂರಿಸುತ್ತಿದ್ದರು, ಬೆಂಗಳೂರಿನ ಹವಾ ವಿಚಾರಿಸುತ್ತಿದ್ದರು, ದೇವರ ವಿಷಯ ಎತ್ತಿದರೆ “ಎಲ್ಲಾ ಅವನೇ ಅಲ್ರಿ” ಎಂದು ಒಂದೇ ಮಾತಿನಲ್ಲಿ ನಮ್ಮ ಕೆಲಸ ಮುಗಿಸಿಬಿಡುತ್ತಿದ್ದರು. ಆಮೇಲೆ ಚಹಾ ತರಿಸುತ್ತಿದ್ದರು.

ನಮ್ಮ ಕಷ್ಟವಿದ್ದದ್ದು ಆ ಚಹಾದಲ್ಲೇ. ನಮ್ಮ ಸಭೆಯವರು ಹೆಂಡ, ತಂಬಾಕು ಮಾತ್ರವಲ್ಲ, ಚಹಾ ಕಾಫಿಯನ್ನೂ ಮುಟ್ಟುವುದಿಲ್ಲ. ಬಿಸಿ ಪಾನೀಯ ಕೂಡದು ಎಂಬುದು ಮೂಲ ನಿಯಮ, ಅದನ್ನು ಚಹಾ ಕಾಫಿ ಎಂದು ತಿಳಿಯಬೇಕು ಎಂಬುದು ಹಿರಿಯರ ವ್ಯಾಖ್ಯಾನ. ನಿಜವಾದ ಹಿರಿಯರು, ನನ್ನಂಥವರಲ್ಲ. ವ್ಯಾಖ್ಯಾನ ಇರಲೇಬೇಕು. ಇಲ್ಲದಿದ್ದರೆ ಮೇ ತಿಂಗಳ ರಾಯಚೂರಿನಲ್ಲಿ ನಲ್ಲಿಯ ನೀರನ್ನೂ ಕುಡಿಯುವಂತಿರಲಿಲ್ಲ. ಫಿಲ್ಟರ್ ಕಾಫಿಯ ಮನೆಯಲ್ಲಿ ಬೆಳೆದ ನನಗೆ ಈ ನಿಯಮ ಸುಲಭವಾಗಿರಲಿಲ್ಲ. ಈ ಸೀಮೆಯಲ್ಲಿ ಚಹಾ ಒಲ್ಲೆ ಎನ್ನುವುದೆಂದರೆ ಮನೆಯವರನ್ನೇ ಒಲ್ಲೆ ಎಂದಂತೆ ಎಂಬುದಂತೂ ನನಗೆ ಗೊತ್ತೇ ಇರಲಿಲ್ಲ. ಅದನ್ನು ತಿಳಿಸಿದವಳು ಪೋತ್ನಾಳದ ಹನುಮವ್ವ.

ಹನುಮವ್ವನ ಮಗ ದೇವೇಂದ್ರಪ್ಪ ಶಾಲೆಯ ಮಾಸ್ತರ. ಮಾನ್ವಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಪರಿಚಯವಾದ. ದೇವರ ಮುಂದೆ ಎಲ್ಲರೂ ಸಮಾನ ಎಂದು ನಾನು ಶುರುಮಾಡಿದಾಗ, ಬೇರೆಯವರ ಹಾಗೆ ಕಿಟಕಿಯ ಕಡೆ ತಿರುಗದೆ, “ದೇವ್ರ ಮುಂದ ಇರ್ಲಿ, ಊರ ಮುಂದ?” ಎಂದು ಕೇಳಿದ. ಎಷ್ಟೋ ವಾರಗಳ ಮೇಲೆ ಒಬ್ಬ ಮನುಷ್ಯ ನನ್ನ ಮಾತಿಗೆ ಮಾತು ಕೊಟ್ಟಿದ್ದ. ಮನೆಗೆ ಬನ್ನಿ ಎಂದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ, ಹೊತ್ತ ಮೂಟೆ ಕೆಳಗಿಟ್ಟ ಹಾಗಾಯಿತು.

ಅವನ ಮನೆ ದಲಿತರ ಕೇರಿಯಲ್ಲಿತ್ತು. ಹನುಮವ್ವ ಸೆರಗಿನಿಂದ ಖುರ್ಚಿ ಒರೆಸಿ ನಮ್ಮನ್ನು ಕೂರಿಸಿದಳು. ಪಕ್ಕದ ಮನೆಯಿಂದ ಹಾಲು ತಂದಳು, ಒಲೆ ಹೊತ್ತಿಸಿದಳು. ಹೂವಿನ ಚಿತ್ರದ ಹೊಸ ಕಪ್ಪುಗಳನ್ನು ಮೇಲಿಂದ ಇಳಿಸಿ ತೊಳೆದಳು. ಶುಂಠಿಯ ವಾಸನೆ ಬರುತ್ತಿತ್ತು. ಆಗಲೇ ಹೇಳಬೇಕಿತ್ತು. ನಾನು ದಣಿದಿದ್ದೆ, ನೆರಳು ಹಿತವಾಗಿತ್ತು, ಹೇಳಲಿಲ್ಲ. ಕಪ್ಪು ಮುಂದೆ ಬಂದಾಗ ನನ್ನ ಬೆಂಗಳೂರು ನಯದಲ್ಲಿ, “ಕ್ಷಮಿಸಿ ಅಮ್ಮ, ನಾವು ಚಹಾ ಕುಡಿಯೋದಿಲ್ಲ” ಎಂದೆ.

ಹನುಮವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ದೇವೇಂದ್ರಪ್ಪ ನಕ್ಕ. ಅದು ರೂಢಿಯಾದ ನಗೆ.

“ಇರ್ಲಿ ಬಿಡ್ರಿ. ನಮ್ಮ ಮನಿಗಿ ಬಂದ ಕೂಡ್ಲೇ ಎಲ್ಲಾರೂ ಚಹಾ ಬಿಟ್ಟಬಿಡ್ತಾರ. ನಮ್ಮ ಹೆಡ್‌ಮಾಸ್ತರಿಗೆ ಪಿತ್ತ. ಇನ್ನೊಬ್ರಿಗೆ ಸ್ವಾಮಾರದ ಒಪ್ಪತ್ತು. ಮತ್ತೊಬ್ರು ಈಗರ ಕುಡದು ಬಂದಿರ್ತಾರ. ನೀವು ಧರ್ಮ ಅಂತೀರಿ.”

ಅಮೆರಿಕದಲ್ಲಿ ಹುಟ್ಟಿದ ನಿಯಮ, ಪೋತ್ನಾಳದ ಕೇರಿಯಲ್ಲಿ ಅಸ್ಪೃಶ್ಯತೆಯ ಹಾಗೆ ಕಾಣುತ್ತಿತ್ತು. ಅಲ್ಲ, ಅದಲ್ಲ, ಯಾರ ಮನೆಯಲ್ಲೂ ಕುಡಿಯುವುದಿಲ್ಲ ಎಂದು ತಡವರಿಸುತ್ತ ವಿವರಿಸಿದೆ. ವಿವರಿಸಿದಷ್ಟೂ ಸುಳ್ಳಿನ ಹಾಗೆ ಕೇಳಿಸಿತು. ನೆಪಗಳನ್ನು ಕೇಳಿ ಕೇಳಿ ಪಳಗಿದ ಕಿವಿಗಳಿಗೆ ನಿಜವೂ ಇನ್ನೊಂದು ನೆಪವೇ. ಕೊನೆಗೆ ಹನುಮವ್ವ ನೆಲ ನೋಡುತ್ತ, “ಗೌಡ್ರ ಮನ್ಯಾಗ ಕೊಟ್ರೂ ಹಿಂಗಽ ಒಲ್ಲೆ ಅಂತೀರೇನ್ ಯಪ್ಪಾ?” ಎಂದಳು. ಹೌದು ಎಂದೆ. ಅವಳು ನಂಬಲಿಲ್ಲ. ನಂಬಲು ಅವಳಿಗೆ ಕಾರಣವೂ ಇರಲಿಲ್ಲ. ನೀರು ಕೇಳಿ ಕುಡಿದೆವು. ಕೊಟ್ಟಳು, ಹೂವಿನ ಕಪ್ಪುಗಳನ್ನು ಎತ್ತಿ ಒಳಗಿಟ್ಟಳು. ಇದ್ದ ಒಂದು ಬಾಗಿಲೂ ಮುಚ್ಚಿತು ಎಂದುಕೊಂಡು ಎದ್ದೆವು.

ಮರ್ಯಾದೆ ಬಿಡದ ದೇವೇಂದ್ರಪ್ಪ ಬಸ್ಸಿನವರೆಗೆ ಬಂದ. ಬಸ್ಸು ನಿಲ್ಲುವ ಜಾಗದ ಎದುರಿಗೇ ಗೌಡರ ಮನೆ. ಕಟ್ಟೆಯ ಮೇಲೆ ಕೂತಿದ್ದ ಗೌಡರು ನಮ್ಮ ಟೈಗಳನ್ನು ಕಂಡು, “ಯಾವೂರವ್ರು ತಮ್ಮಾ, ಬರ್ರಿ ಇಲ್ಲಿ” ಎಂದು ಕರೆದರು. ನಮಗೆ ಮಂಚ ತೋರಿಸಿದರು. ದೇವೇಂದ್ರಪ್ಪನಿಗೆ ಏನನ್ನೂ ತೋರಿಸಲಿಲ್ಲ. ಅವನು ಕೆಳಗೆ ನಿಂತೇ ಇದ್ದ. ಇನ್ನೆರಡು ಮಾತಾಗುವಷ್ಟರಲ್ಲಿ ಒಳಗಿನಿಂದ ಚಹಾ ಬಂತು, ಎರಡೇ ಕಪ್ಪು.

ನಿಜ ಹೇಳುತ್ತೇನೆ, ಅಷ್ಟು ಒಳ್ಳೆಯ ಚಹಾ ನಾನು ಕಂಡಿಲ್ಲ. ಎಮ್ಮೆಯ ಗಟ್ಟಿ ಹಾಲು, ಮೇಲೆ ಕೆನೆ. ಬೆಳಗಿನಿಂದ ತಿಂದಿರಲಿಲ್ಲ, ತಲೆ ಸಿಡಿಯುತ್ತಿತ್ತು. ಪ್ರಭಾಕರ ನನ್ನನ್ನು ನೋಡಿದ. ದೇವೇಂದ್ರಪ್ಪನೂ ನೋಡುತ್ತಿದ್ದ.

“ಬೇಡ ಗೌಡರೇ, ನಾವು ಚಹಾ ಕುಡಿಯೋದಿಲ್ಲ.”

“ಕುಡೀರಿ, ನಾಚಬ್ಯಾಡ್ರಿ.”

“ಇಲ್ಲ ಗೌಡರೇ. ಯಾರ ಮನೆಯಲ್ಲೂ ಕುಡಿಯೋದಿಲ್ಲ.”

ಈ ಮಾತನ್ನು ನೂರಾರು ಮನೆಗಳಲ್ಲಿ ಹೇಳಿದ್ದೆ, ಯಾವಾಗಲೂ ತಪ್ಪಿತಸ್ಥನ ಹಾಗೆ. ಅಂದು ಮಾತ್ರ ಬೆನ್ನು ನೆಟ್ಟಗೆ ಮಾಡಿ ಹೇಳಿದೆ. ಗೌಡರು ಕಪ್ಪು ನೋಡಿದರು, ನಮ್ಮನ್ನು ನೋಡಿದರು. “ನಮ್ಮ ಮನ್ಯಾಗ ಇಲ್ಲೀತನಕ ಯಾರೂ ಒಲ್ಲೆ ಅಂದಿಲ್ಲ” ಎಂದರು. ಕೋಪಕ್ಕಿಂತ ಅದರಲ್ಲಿ ಆಶ್ಚರ್ಯವೇ ಹೆಚ್ಚಾಗಿತ್ತು. ದೇವೇಂದ್ರಪ್ಪ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ. ಪಟ್ಟಿ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಬಸ್ಸು ಬಂದು ನಮ್ಮೆಲ್ಲರ ಮರ್ಯಾದೆ ಉಳಿಸಿತು.

ಮುಂದಿನ ವಾರ ಅಳುಕುತ್ತಲೇ ಕೇರಿಗೆ ಹೋದೆವು. ಹನುಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬನ್ನಿ ಹೋಗಿ ಏನೂ ಇಲ್ಲ. ಎರಡು ತಾಟು ಇಟ್ಟಳು, ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಹಾಕಿದಳು. ನಾವು ನಾಚಿಕೆಯಿಲ್ಲದೆ ತಿಂದೆವು. ಪ್ರಭಾಕರ ಮೂರನೇ ರೊಟ್ಟಿಗೆ ಕೈ ಚಾಚಿದಾಗ ಅವಳ ಮುಖ ಸಡಿಲವಾಯಿತು.

“ಗೌಡ್ರ ಚಹಾನೂ ಒಲ್ಲೆ ಅಂದ್ರಂತಲ್ಲ?”

“ಹೌದಮ್ಮ.”

“ಅವ್ರ ಮಾರಿ ಹ್ಯಾಂಗಾಗಿತ್ತು?”

ಪರರನ್ನು ಆಡಿಕೊಳ್ಳಬಾರದು ಎಂಬ ನಿಯಮವೂ ನಮಗಿತ್ತು. ಅಂದು ಅದಕ್ಕೊಂದು ವ್ಯಾಖ್ಯಾನ ಮಾಡಿಕೊಂಡೆ. ಗೌಡರ ಹುಬ್ಬು ಏರಿದ್ದು, ಮೀಸೆ ಇಳಿದದ್ದು, ಕಪ್ಪಿನ ಮೇಲೆ ಕೆನೆ ಕಟ್ಟುತ್ತ ಹೋದದ್ದು, ಒಂದನ್ನೂ ಬಿಡದೆ ಹೇಳಿದೆ. ಹನುಮವ್ವ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ದೇವೇಂದ್ರಪ್ಪ, “ನಿಮ್ಮ ದೇವ್ರು ನಮಗ ಬ್ಯಾಡ್ರಿ. ಆದ್ರ ನೀವು ಬರ್ಕೋತ ಇರ್ರಿ” ಎಂದ. ಪೋತ್ನಾಳದಿಂದ ನಮ್ಮ ಸಭೆಗೆ ಕೊನೆಗೂ ಯಾರೂ ಸೇರಲಿಲ್ಲ.

ಹನುಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, “ಇನ್ನೊಂದ್ಸಲ ಹೇಳ್ರಿ” ಎಂದಳು. ಎರಡು ವರ್ಷ ಊರೂರು ಅಲೆದು ದೊಡ್ಡ ದೊಡ್ಡ ವಿಷಯ ಹೇಳಿದ್ದೇನೆ. ಇನ್ನೊಂದು ಸಲ ಹೇಳು ಎಂದು ನನ್ನನ್ನು ಕೇಳಿದ್ದು ಅವಳೊಬ್ಬಳೇ.