ಅವ್ವನ ಮುಖದ ಬಣ್ಣ

ಅವ್ವ ತೀರಿಕೊಂಡ ಮೇಲೆ ಗೊತ್ತಾಯಿತು, ಮನೆಯಲ್ಲಿ ಅವಳದೊಂದು ಸರಿಯಾದ ಫೋಟೋ ಇಲ್ಲವೆಂದು. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ, ಬರೀ ಬಾಸಿಂಗ ಕಾಣುತ್ತದೆ. ತಿಥಿಯ ದಿನ ಯಾವುದರ ಮುಂದೆ ಎಡೆ ಇಡುವುದು? ಅವ್ವ ಹಾರೋಹಳ್ಳಿಯ ಒಂದು ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಯುಗಾದಿ ಕಳೆದ ಮೇಲೆ ಅಲ್ಲಿ ಗುರುತಿನ ಕಾರ್ಡಿಗೆಂದು ಎಲ್ಲರ ಫೋಟೋ ತೆಗೆದಿದ್ದರು. ಕೇಳಿದ್ದಕ್ಕೆ ಆಫೀಸಿನವರು ಒಂದು ಫ್ಲಾಪಿಗೆ ಹಾಕಿ ಕೊಟ್ಟರು.

ಅದನ್ನು ಹಿಡಿದು ಅಪ್ಪನೂ ನಾನೂ ಕನಕಪುರದ ಡಿಟಿಪಿ ಅಂಗಡಿಗೆ ಹೋದೆವು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಅಪ್ಪ ಅದೇ ಮಾತು ಹೇಳುತ್ತಿದ್ದ: "ಹೋದ್ವಾರದ್ಗಂಟ ಗಟ್ಟಿಮುಟ್ಟಾಗಿದ್ಲು ಕಣಪ್ಪ, ಅದೇನಾಯ್ತೋ." ಮೈಯಲ್ಲಿ ರಕ್ತವೇ ಇಲ್ಲ, ಇಷ್ಟು ದಿನ ಏನು ನೋಡುತ್ತಿದ್ದಿರಿ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಬೈದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅಂಗಡಿಯವನ ಕಂಪ್ಯೂಟರಿನಲ್ಲಿ ಫೋಟೋ ತೆರೆಯಲೇ ಇಲ್ಲ. "ಇದು ಪಿಸಿಎಕ್ಸ್ ಫೈಲು, ಹಳೇದು. ಬಿಎಂಪಿ ಮಾಡ್ಬೇಕು," ಅಂದ. ಒಂದು ಡಬ್ಬದಲ್ಲಿ ಕಾಣುವ ಮುಖ ಇನ್ನೊಂದರಲ್ಲಿ ಯಾಕೆ ಕಾಣಬಾರದು? ನನಗೆ ತಲೆಬುಡ ತಿಳಿಯಲಿಲ್ಲ. ಮಾಡಿದ. ಅವ್ವ ಬಂದಳು, ನೀಲಿ ಮುಖ, ಹಸಿರು ಹಲ್ಲು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಪ್ಪ ಬಾಗಿಲ ಕಡೆ ತಿರುಗಿಕೊಂಡ.

ಫೈಲಿನ ಕೊನೆಯಲ್ಲಿ ಬಣ್ಣಗಳ ಪಟ್ಟಿ ಇರುತ್ತದಂತೆ, ಇವನ ಸಾಫ್ಟ್‌ವೇರ್ ಅದನ್ನು ಓದುತ್ತಿರಲಿಲ್ಲವಂತೆ. ಬೇರೆ ಯಾವುದೋ ಸಿಡಿ ಹಾಕಿ ಟಿಫ್ ಅನ್ನುವ ಇನ್ನೊಂದು ಬಗೆಯ ಫೈಲು ಮಾಡಿದ, ಅದರಿಂದ ಮತ್ತೆ ಬಿಎಂಪಿ. ಈ ಸಲ ಅವ್ವ ಅವ್ವನ ಹಾಗೇ ಕಂಡಳು. ಆದರೆ ಮುಖ ಬೂದಿ ಬಳಿದಂತೆ ಬಿಳಿಚಿಕೊಂಡಿತ್ತು, ತುಟಿಯೂ ಅಷ್ಟೇ.

"ಬಣ್ಣ ಇನ್ನೂ ಸರಿ ಬಂದಿಲ್ಲ ಕಣಪ್ಪ. ಅವ್ಳು ಹಿಂಗಿರ್ನಿಲ್ಲ," ಅಂದ ಅಪ್ಪ.

ಅಂಗಡಿಯವನು ಪಾಪ, ಮತ್ತೆ ಮೊದಲಿನಿಂದ ಮಾಡಿದ. ಜಿಫ್ ಮಾಡಿ ನೋಡಿದ, ಜೆಪೆಗ್ ಮಾಡಿ ನೋಡಿದ. ಅದೇ ಮುಖ. ಆಮೇಲೆ ನನ್ನ ಕಡೆ ತಿರುಗಿ, "ಫ್ಯಾಕ್ಟ್ರಿ ಏಪ್ರನ್ನು ಯಾವ ಬಣ್ಣಮ್ಮ?" ಅಂದ.

"ತಿಳಿನೀಲಿ."

"ಇಲ್ಲೂ ತಿಳಿನೀಲಿನೇ ಐತೆ. ಹಣೇಲಿ ಕುಂಕುಮ ಕೆಂಪಗೈತೆ. ಬಣ್ಣ ಕೆಟ್ರೆ ಎಲ್ಲಾನೂ ಕೆಡ್ಬೇಕು. ಮುಖ ಒಂದೇ ಯಾಕ್ ಕೆಡ್ತದೆ?"

ಅವ್ವ ಕಪ್ಪಗಿದ್ದಳು, ಅಪ್ಪನ ಜೊತೆ ಹೊಲದಲ್ಲಿ ಬಿಸಿಲು ಕುಡಿದ ಕಪ್ಪು, ನನ್ನ ಮನಸ್ಸಿನಲ್ಲಿದ್ದದ್ದು ಆ ಬಣ್ಣವೇ. ಆದರೆ ಅದು ಯಾವ ವರ್ಷದ ಅವ್ವ? ಕೆಲಸಕ್ಕೆ ಸೇರಿದ ಮೇಲೆ ಕತ್ತಲಿರುವಾಗಲೇ ಬಸ್ಸು ಹತ್ತುತ್ತಿದ್ದಳು, ದೀಪ ಹಚ್ಚಿದ ಮೇಲೆ ಬರುತ್ತಿದ್ದಳು. ಭಾನುವಾರ ಒಲೆಯ ಮುಂದೆ ಇರುತ್ತಿದ್ದಳು. ಬೆಳಕಿನಲ್ಲಿ ಅವಳ ಮುಖ ನೋಡಿದ ನೆನಪಿಗಾಗಿ ತಡಕಾಡಿದೆ. ಒಂದೂ ಸಿಗಲಿಲ್ಲ, ನನ್ನ ಮೇಲೆ ನನಗೇ ಸಿಟ್ಟು ಬಂತು.

"ಯಾವಾಗ್ ತೆಗ್ದಿದ್ದು ಇದ್ನ?" ಅಪ್ಪ ಕೇಳಿದ.

"ಯುಗಾದಿ ಆದ್ಮೇಲೆ ಕಣಪ್ಪ."

ಅವ್ವ ಹೋದದ್ದು ಗೌರಿ ಹಬ್ಬಕ್ಕೆ ಮುಂಚೆ. ಅಪ್ಪ ಬೆರಳು ಮಡಿಸಿ ತಿಂಗಳು ಎಣಿಸತೊಡಗಿದ, ನಡುವೆಯೇ ಕೈಬಿಟ್ಟ. ಸ್ಕ್ರೀನಿನ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. ಅವನ ಉಸಿರಿಗೆ ಗಾಜು ಮಸುಕಾಯಿತು, ಟವೆಲಿನಿಂದ ಒರೆಸಿದ.

"ಹಂಗೇ ಪ್ರಿಂಟ್ ಹಾಕ್ಲಾ?" ಅಂಗಡಿಯವನು ಮೆಲ್ಲಗೆ ಕೇಳಿದ.

"ಬ್ಯಾಡ. ಒಸಿ ಕೆಂಪು ಹಾಕು," ಅಂದ ಅಪ್ಪ.

ಅಂಗಡಿಯವನು ನನ್ನ ಮುಖ ನೋಡಿದ. ನಾನು ಹ್ಞೂಂ ಅಂದೆ. ಮೌಸ್ ಹಿಡಿದು ಅವ್ವನ ಕೆನ್ನೆಗೆ, ತುಟಿಗೆ ಬಣ್ಣ ತುಂಬಿದ.

"ಸಾಕಾ ಯಜಮಾನ್ರೆ?"

"ಇನ್ನೊಸಿ," ಅಂದ ಅಪ್ಪ.